ಹಗುರ ಬಿಲ್ಲಿಗೆ ಯಾವ ಬ್ರಾಡ್‌ಹೆಡ್? ವಿಸ್ಕಾನ್ಸಿನ್‌ನ ಒಂದು ಪ್ರಕರಣ

70 ಪೌಂಡ್ ಎಳೆತದ ಬಿಲ್ಲು ಇರುವವರು ಅಂಗಡಿಯಲ್ಲಿ ಸಿಗುವ ಯಾವ ಬ್ರಾಡ್‌ಹೆಡ್ (ಬೇಟೆ ಬಾಣದ ಅಲಗಿರುವ ಮೊನೆ) ಹಾಕಿದರೂ ಬಹುಪಾಲು ಸಲ ಜಿಂಕೆ ಸಿಗುತ್ತದೆ. ಬಿಲ್ಲಿನಲ್ಲಿ ಅಷ್ಟು ಶಕ್ತಿ ಉಳಿದಿರುತ್ತದೆ. 40 ಪೌಂಡ್ ಎಳೆಯುವವರಿಗೆ ಆ ಸಲುಗೆ ಇಲ್ಲ. ಬಾಣದ ತುದಿಗೆ ಏನು ಕೂಡಿಸುತ್ತೇವೆ ಅನ್ನೋದರ ಮೇಲೆ ಪ್ರಾಣಿ ಬೇಗ ಸಾಯುತ್ತದೋ, ಗಾಯಗೊಂಡು ಕಾಡು ಸೇರುತ್ತದೋ ಅನ್ನುವುದು ನಿಂತಿರುತ್ತದೆ. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಇದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ದಕ್ಷಿಣ ಭಾಗದಲ್ಲಿ ನಡೆದದ್ದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಬೇಟೆ ಅಪರಾಧ, ಹಾಗಾಗಿ ಊರಿನಲ್ಲಿ ಇದನ್ನು ಓದುವವರು ಯಾರೂ ಇದನ್ನು ಪ್ರಯೋಗ ಮಾಡುವ ಮಾತೇ ಇಲ್ಲ. ಆದರೆ ಇಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬಿಲ್ಲು ಹಿಡಿದವರು ಇದ್ದಾರೆ. ಮನೆಯಲ್ಲಿ ಹೆಂಡತಿಗೋ ಹದಿಹರೆಯದ ಮಗಳಿಗೋ ಮೊದಲ ಬಿಲ್ಲು ಕೊಡಿಸುವಾಗ ಇದೇ ಪ್ರಶ್ನೆ ಎದುರಾಗುತ್ತದೆ. ಯಾರ ಹೆಸರೂ ಇಲ್ಲಿ ಇಲ್ಲ, ಜಾಗದ ಗುರುತನ್ನೂ ಬಿಟ್ಟಿದ್ದೇನೆ. ಬೇಟೆಗಾರ್ತಿಯನ್ನು ಗೆಳತಿ ಎಂದಷ್ಟೇ ಕರೆಯುತ್ತೇನೆ.

ಹಿನ್ನೆಲೆ

ಗೆಳತಿ ಕುಳ್ಳಗಿನ ಮೈಕಟ್ಟಿನವರು. ಕೈ ಚಾಚಿ ಹೆದೆ ಎಳೆದರೆ 25.5 ಇಂಚು ಬರುತ್ತದೆ, ಅಷ್ಟೇ. ಭುಜದ ಶಸ್ತ್ರಚಿಕಿತ್ಸೆ ಆದ ಮೇಲೆ ವೈದ್ಯರು ಜಾಸ್ತಿ ಭಾರ ಎಳೆಯಬೇಡಿ ಎಂದಿದ್ದರು. ಹಾಗಾಗಿ ಕಾಂಪೌಂಡ್ ಬಿಲ್ಲನ್ನು (ತುದಿಗಳಲ್ಲಿ ಚಕ್ರ ಇರುವ ಬಿಲ್ಲು) 40 ಪೌಂಡಿಗೆ ಇಳಿಸಿಕೊಂಡಿದ್ದರು. ವಿಸ್ಕಾನ್ಸಿನ್‌ನಲ್ಲಿ ಜಿಂಕೆಗೆ ಕನಿಷ್ಠ 30 ಪೌಂಡ್ ಸಾಕು, ಆದ್ದರಿಂದ ಕಾನೂನಿನ ತೊಡಕು ಇರಲಿಲ್ಲ. ಪಕ್ಕದ ಮಿನ್ನೆಸೋಟಾದಲ್ಲೂ 30. ಪೆನ್ಸಿಲ್ವೇನಿಯಾದಲ್ಲಿ 35, ಐಡಾಹೋದಲ್ಲಿ 40. ನೀವಿರುವ ರಾಜ್ಯದ ನಿಯಮ ಮೊದಲು ನೋಡಿಕೊಳ್ಳಿ. ವಿಸ್ಕಾನ್ಸಿನ್‌ನಲ್ಲಿ ಬ್ರಾಡ್‌ಹೆಡ್‌ನ ಅಗಲವೂ ಕನಿಷ್ಠ 7/8 ಇಂಚು ಇರಬೇಕು.

ಎಷ್ಟೋ ಜನ ಪೌಂಡ್ ಲೆಕ್ಕ ಮಾತ್ರ ಹಿಡಿಯುತ್ತಾರೆ. ಆದರೆ ಇವರ ವಿಷಯದಲ್ಲಿ ಎಳೆತದ ಉದ್ದ ಕಡಿಮೆ ಇದ್ದದ್ದೂ ಬಾಣದ ವೇಗವನ್ನು ತಿನ್ನುತ್ತಿತ್ತು. ಒಂದು ಇಂಚು ಕಡಿಮೆಯಾದರೆ ವೇಗ ಸೆಕೆಂಡಿಗೆ ಹತ್ತು ಅಡಿಯಷ್ಟು ಬೀಳುತ್ತದೆ ಅನ್ನುವುದು ಸಾಮಾನ್ಯ ಅಂದಾಜು. ಬಿಲ್ಲಿನ ಜಾಹೀರಾತಿನಲ್ಲಿ ಕಾಣುವ 320, 330 ಎಲ್ಲ 70 ಪೌಂಡ್, 30 ಇಂಚು ಎಳೆತ, 350 ಗ್ರೇನ್ ಬಾಣಕ್ಕೆ ಹೇಳಿದ್ದು. ಗೆಳತಿಯ 350 ಗ್ರೇನ್ ಬಾಣವನ್ನು ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ಬಿಟ್ಟಾಗ ಸಿಕ್ಕಿದ್ದು ಸೆಕೆಂಡಿಗೆ 208 ಅಡಿ. ಒಂದು ಗ್ರಾಂ ಅಂದರೆ ಸುಮಾರು 15.4 ಗ್ರೇನ್, ಹಾಗಾಗಿ ಆ ಬಾಣದ ತೂಕ 23 ಗ್ರಾಂ ಹತ್ತಿರ.

ಚಲನಶಕ್ತಿಯ ಲೆಕ್ಕ ಸುಲಭ. ತೂಕವನ್ನು ಗ್ರೇನ್‌ನಲ್ಲಿ ತೆಗೆದುಕೊಂಡು ವೇಗದ ವರ್ಗದಿಂದ ಗುಣಿಸಿ 450240ರಿಂದ ಭಾಗಿಸಿ. ಗೆಳತಿಯ ಬಾಣಕ್ಕೆ 33.6 ಅಡಿ-ಪೌಂಡ್ ಬಂತು. ಬಾಣ ತಯಾರಿಸುವ ಈಸ್ಟನ್ ಕಂಪನಿಯ ಹಳೆಯ ಪಟ್ಟಿ ಜಿಂಕೆಗೆ 25ರಿಂದ 41 ಅಡಿ-ಪೌಂಡ್ ಎನ್ನುತ್ತದೆ. ಅಂದರೆ ಇವರು ಆ ಸಾಲಿನ ನಡುವೆ ಇದ್ದರು. ಸಾಕಾಗುವಷ್ಟು ಇತ್ತು, ಪೋಲು ಮಾಡುವಷ್ಟು ಇರಲಿಲ್ಲ.

ಏನಾಯಿತು

ಬಾಣಕ್ಕೆ ಹಾಕಿದ್ದು 100 ಗ್ರೇನ್‌ನ ಮೆಕಾನಿಕಲ್ ಬ್ರಾಡ್‌ಹೆಡ್. ಹಾರುವಾಗ ಮಡಚಿಕೊಂಡಿದ್ದು ತಗುಲಿದಾಗ ಬಿಚ್ಚಿಕೊಳ್ಳುವ ಎರಡು ಅಲಗು, ಪೂರ್ತಿ ಬಿಚ್ಚಿದರೆ 2 ಇಂಚು ಅಗಲ. ಅಂಗಡಿಯವರು ಕೊಟ್ಟ ಕಾರಣವೂ ಕೇಳಲು ಸರಿಯಾಗೇ ಇತ್ತು: ಅಗಲ ಗಾಯ, ಜಾಸ್ತಿ ರಕ್ತ, ಅಭ್ಯಾಸದ ಮೊನೆ ಬೀಳುವ ಜಾಗಕ್ಕೇ ಇದೂ ಬೀಳುತ್ತದೆ, ಟ್ಯೂನ್ ಮಾಡುವ, ಅಂದರೆ ಬಾಣ ನೆಟ್ಟಗೆ ಹಾರುವಂತೆ ಬಿಲ್ಲು ಹೊಂದಿಸುವ ತಲೆನೋವಿಲ್ಲ. ಕೊನೆಯ ಮಾತು ನಿಜ. ಮೊದಲ ಎರಡೂ ನಿಜವೇ, ಆದರೆ ಬಾಣ ಒಳಗೆ ಹೋದರೆ ಮಾತ್ರ.

ಅಕ್ಟೋಬರ್‌ನಲ್ಲಿ ಒಂದು ಹೆಣ್ಣು ಜಿಂಕೆ 22 ಗಜದಲ್ಲಿ ಬಂತು. ಮರದ ಮೇಲಿನ ಅಟ್ಟಣೆಯಿಂದ ಹೊಡೆದದ್ದು. ಜಿಂಕೆ ಪೂರ್ತಿ ಅಡ್ಡ ನಿಂತಿರಲಿಲ್ಲ, ಎದೆ ಸ್ವಲ್ಪ ಇವರ ಕಡೆ ತಿರುಗಿತ್ತು. ಬಾಣ ಭುಜದ ಮಡಿಕೆಯ ಮುಂದೆ ಬಡಿಯಿತು. ಐದಾರು ಇಂಚು ಒಳಗೆ ಹೋಗಿ ನಿಂತಿತು. ಅರವತ್ತು ಗಜದಾಚೆ ಬಾಣ ಕಳಚಿ ಬಿದ್ದಿತ್ತು, ಅಲ್ಲಿಂದ ಸ್ವಲ್ಪ ದೂರಕ್ಕೆ ರಕ್ತ ಕಂಡು ಆಮೇಲೆ ನಿಂತುಹೋಯಿತು. ಮರುದಿನ ಬೆಳಗ್ಗೆ ಹಗ್ಗ ಕಟ್ಟಿದ ಜಾಡುನಾಯಿ ತರಿಸಿದರು. ನಾಯಿ ಒಂದು ಜೌಗಿನ ತನಕ ಹೋಗಿ ಸುಮ್ಮನಾಯಿತು. ಜಿಂಕೆ ಸಿಗಲಿಲ್ಲ. ಮೂರು ವಾರದ ನಂತರ ಪಕ್ಕದ ಜಮೀನಿನ ಕ್ಯಾಮೆರಾದಲ್ಲಿ ಭುಜದ ಹತ್ತಿರ ವಾಸಿಯಾಗುತ್ತಿದ್ದ ಗಾಯ ಇರುವ ಹೆಣ್ಣು ಜಿಂಕೆ ಕಂಡಿತು. ಅದೇ ಇರಬೇಕು ಅನ್ನಿಸಿತು, ಖಚಿತ ಮಾಡಿಕೊಳ್ಳುವ ದಾರಿ ಇರಲಿಲ್ಲ.

ಗೆಳತಿ ಆ ಸೀಸನ್‌ನಲ್ಲಿ ಮತ್ತೆ ಕಾಡಿಗೆ ಹೋಗಲಿಲ್ಲ. ಗಾಯಗೊಂಡ ಪ್ರಾಣಿಯನ್ನು ಕಳೆದುಕೊಂಡ ನೋವು ಏನೆಂದು ಬೇಟೆಗಾರರಿಗೆ ಗೊತ್ತು. ಬೇರೆಯವರಿಗೆ ವಿವರಿಸಿ ಪ್ರಯೋಜನವಿಲ್ಲ. ಬಿಲ್ಲು ಟ್ಯೂನ್ ಮಾಡುವುದು ನನಗೆ ಇಷ್ಟದ ಕೆಲಸ ಅಂತ ಗೊತ್ತಿದ್ದರಿಂದ ಚಳಿಗಾಲದಲ್ಲಿ ಆ ಬಾಣವನ್ನು ನನ್ನ ಮುಂದೆ ತಂದಿಟ್ಟರು.

ಬಾಣ ಹೇಳಿದ್ದು

ಎರಡು ಅಲಗಿನಲ್ಲಿ ಒಂದು ಪೂರ್ತಿ ಬಿಚ್ಚಿತ್ತು. ಇನ್ನೊಂದು ಅರ್ಧ ಬಿಚ್ಚಿ ಬಾಗಿತ್ತು. ತುದಿಗೆ ಮೂಳೆ ಬಡಿದ ಗುರುತು. ಮಡಚಿದ ಅಲಗು ಬಿಚ್ಚಿಕೊಳ್ಳಲು ಶಕ್ತಿ ಬೇಕು, ಆ ಶಕ್ತಿ ಬಾಣದಿಂದಲೇ ಬರಬೇಕು. ಆಮೇಲೆ 2 ಇಂಚು ಅಗಲದ ಚರ್ಮ, ಮಾಂಸ, ಪಕ್ಕೆಲುಬನ್ನು ಒಟ್ಟಿಗೆ ಸೀಳಿಕೊಂಡು ಹೋಗಬೇಕು. ಅದರ ಮೇಲೆ ಓರೆಯಾಗಿ ಬಡಿದರೆ ಒಂದು ಅಲಗು ಮೊದಲು ತಗುಲಿ ಬಾಣದ ಹಿಂಭಾಗ ಪಕ್ಕಕ್ಕೆ ಒದೆಯುತ್ತದೆ. 70 ಅಡಿ-ಪೌಂಡ್ ಇರುವ ಬಾಣ ಇದನ್ನೆಲ್ಲ ಕೊಟ್ಟೂ ಆಚೆ ಹೋಗುತ್ತದೆ. 33 ಇರುವ ಬಾಣ ಬಾಗಿಲಲ್ಲೇ ಖರ್ಚಾಗಿಬಿಡುತ್ತದೆ.

ಆದರೆ ತಪ್ಪೆಲ್ಲ ಮೊನೆಯದು ಅಂತ ಬಿಡಲು ನಾನು ಒಪ್ಪಲಿಲ್ಲ. ಎದುರಿಗೆ ತಿರುಗಿದ ಜಿಂಕೆಯ ಭುಜದ ಮುಂದೆ ಬಡಿದ ಬಾಣ ಯಾವ ಮೊನೆ ಇದ್ದರೂ ಕಷ್ಟದ ಜಾಗಕ್ಕೇ ಹೋಗುತ್ತದೆ. ಮೊನೆ ಬದಲಿಸಿದರೆ ಸಾಕು ಅಂದುಕೊಂಡು ಅದೇ ಕೋನದಲ್ಲಿ ಮತ್ತೆ ಹೊಡೆದರೆ ಅದೇ ಕಥೆ. ಹಾಗಾಗಿ ಮೊನೆ, ಬಾಣ, ಟ್ಯೂನಿಂಗ್, ಹೊಡೆಯುವ ಕೋನ ಈ ನಾಲ್ಕನ್ನೂ ಒಟ್ಟಿಗೆ ನೋಡೋಣ ಅಂದೆ. ಈ ಪ್ರಕರಣದ ಮೊದಲ ತಿರುವು ಇದೇ.

ಸಲಹೆಗಳ ರಾಶಿ

ಸಲಹೆ ಕೊಡುವವರಿಗೆ ಬರವಿರಲಿಲ್ಲ. ಒಬ್ಬರು 50 ಪೌಂಡಿಗೆ ಏರಿಸಿ ಅಂದರು. ಭುಜ ಒಪ್ಪುವುದಿಲ್ಲ, ಆ ಮಾತು ಅಲ್ಲಿಗೇ ಮುಗಿಯಿತು. ಕಷ್ಟಪಟ್ಟು ಎಳೆಯುವ ಬಿಲ್ಲಿನಿಂದ ಗುರಿ ತಪ್ಪುವುದೇ ಜಾಸ್ತಿ, ಚಳಿಯಲ್ಲಿ ಎರಡು ತಾಸು ಕೂತ ಮೇಲಂತೂ ಇನ್ನೂ ಜಾಸ್ತಿ. ಇನ್ನೊಬ್ಬರು ಕ್ರಾಸ್‌ಬೋ (ಬಂದೂಕಿನಂತೆ ಹಿಡಿದು ಹೊಡೆಯುವ ಅಡ್ಡಬಿಲ್ಲು) ತೆಗೆದುಕೊಳ್ಳಿ ಅಂದರು. ಅದು ಒಳ್ಳೆಯ ಸಲಹೆಯೇ. ವಿಸ್ಕಾನ್ಸಿನ್‌ನಲ್ಲಿ 2014ರಿಂದ ಯಾರು ಬೇಕಾದರೂ ಕ್ರಾಸ್‌ಬೋ ಲೈಸೆನ್ಸ್ ತೆಗೆದುಕೊಂಡು ಬೇಟೆಯಾಡಬಹುದು. ಗೆಳತಿ ಒಂದು ವಾರ ಯೋಚಿಸಿದರು. ಬಿಲ್ಲು ಬಿಡಲು ಮನಸ್ಸಾಗಲಿಲ್ಲ. ಆದರೆ ಒಂದು ಷರತ್ತು ತಾವೇ ಹಾಕಿಕೊಂಡರು: ಬೇಸಿಗೆ ಮುಗಿಯುವುದರೊಳಗೆ ಬಾಣ ನಂಬಿಕೆ ಹುಟ್ಟಿಸದಿದ್ದರೆ ಕ್ರಾಸ್‌ಬೋ. ಆ ಷರತ್ತು ಇದ್ದದ್ದರಿಂದಲೇ ನಮ್ಮ ಕೆಲಸಕ್ಕೆ ಗಂಭೀರತೆ ಬಂತು ಅಂತ ನನ್ನ ಅನಿಸಿಕೆ.

ಮೂರನೆಯ ಸಲಹೆ 650 ಗ್ರೇನ್‌ನ ಭಾರೀ ಬಾಣ. ಇದರ ಹಿಂದೆ ಡಾ. ಎಡ್ ಆಶ್ಬಿ ಅವರ ಹೆಸರು ಇದೆ. ಅವರು 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ, ಮುಂದೆ ಆಸ್ಟ್ರೇಲಿಯಾದಲ್ಲಿ ದೊಡ್ಡ ಪ್ರಾಣಿಗಳ ಮೇಲೆ ಬಾಣಗಳು ಹೇಗೆ ಕೆಲಸ ಮಾಡುತ್ತವೆ ಅಂತ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ದಪ್ಪ ಮೂಳೆ ದಾಟಲು 650 ಗ್ರೇನ್ ಅನ್ನುವ ಗಡಿ ಅವರ ಕೆಲಸದಿಂದ ಬಂದದ್ದು. ಜನ ಆ ಸಂಖ್ಯೆಯನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಅವರ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಬಾಣ ಮುರಿಯದೆ ಬಾಗದೆ ಉಳಿಯಬೇಕು ಅನ್ನುವುದು, ಅದರ ಕೆಳಗೆ ಬಾಣ ನೆಟ್ಟಗೆ ಹಾರಬೇಕು ಅನ್ನುವುದು. ತೂಕ ಆಮೇಲೆ ಬರುತ್ತದೆ.

ಲೆಕ್ಕ ಹಾಕಿ ನೋಡಿದೆವು. ಗೆಳತಿಯ ಬಿಲ್ಲಿನಿಂದ 650 ಗ್ರೇನ್ ಬಾಣ ಸೆಕೆಂಡಿಗೆ 155 ಅಡಿ ಹತ್ತಿರ ಹೋಗುತ್ತಿತ್ತು. 20 ಗಜ ತಲುಪುವಷ್ಟರಲ್ಲಿ ಎರಡು ಅಡಿ ನಾಲ್ಕೈದು ಇಂಚು ಇಳಿಯುತ್ತದೆ. ದೂರದ ಅಂದಾಜಿನಲ್ಲಿ ಮೂರು ಗಜ ಎಡವಿದರೂ ಬಾಣ ಅಂದುಕೊಂಡ ಜಾಗಕ್ಕಿಂತ ನಾಲ್ಕೈದು ಇಂಚು ಆಚೀಚೆ, ಮೇಲೋ ಕೆಳಗೋ, ಬೀಳುತ್ತದೆ. ಎಮ್ಮೆಯ ಮೂಳೆಗೆ ಬೇಕಾದ ತೂಕ ಬಿಳಿಬಾಲದ ಜಿಂಕೆಯ ಪಕ್ಕೆಲುಬಿಗೆ ಬೇಡ. ಅದನ್ನು ಅಲ್ಲಿಗೇ ಬಿಟ್ಟೆವು.

ಬಾಣಕ್ಕೆ ತೂಕ

ನಡುವಿನ ದಾರಿ ಹಿಡಿದೆವು. 600 ಸ್ಪೈನ್‌ನ (ಸ್ಪೈನ್ ಅಂದರೆ ಕಡ್ಡಿ ಎಷ್ಟು ಬಾಗುತ್ತದೆ ಅನ್ನುವ ಅಳತೆ) ಕಡ್ಡಿ ಬಿಟ್ಟು ಇನ್ನೂ ಗಡುಸಾದ 500 ಸ್ಪೈನ್ ತೆಗೆದುಕೊಂಡೆವು, ಯಾಕೆಂದರೆ ಮುಂದೆ ತೂಕ ಹೇರಿದಷ್ಟೂ ಬಾಣ ಜಾಸ್ತಿ ಬಾಗುತ್ತದೆ. ಅದರಿಂದ 16 ಗ್ರೇನ್ ಏರಿತು. ಮೊನೆ ತಿರುಗಿಸಿ ಕೂಡಿಸಲು ಕಡ್ಡಿಯೊಳಗೆ ಅಂಟಿಸುವ ಅಲ್ಯೂಮಿನಿಯಂ ಇನ್‌ಸರ್ಟ್ ತೆಗೆದು ಹಿತ್ತಾಳೆಯದು ಅಂಟಿಸಿದಾಗ ಇನ್ನೂ 34. ಮೊನೆಯನ್ನು 100ರ ಬದಲು 125 ಗ್ರೇನ್‌ನದು ಮಾಡಿದಾಗ 25. ಒಟ್ಟು 425 ಗ್ರೇನ್. ಬಾಣದ ಸಮತೋಲದ ಬಿಂದು ಮುಂದಕ್ಕೆ ಸರಿಯಿತು, ಮೊದಲು ಬಾಣದ ನಡುವಿನಿಂದ ಅದರ ಉದ್ದದ ಶೇಕಡಾ 13ರ ಹತ್ತಿರ ಮುಂದೆ ಇದ್ದದ್ದು 17 ದಾಟಿತು.

ವೇಗ 208ರಿಂದ 190ಕ್ಕೆ ಇಳಿಯಿತು. ಗೆಳತಿಗೆ ಬೇಸರವಾಯಿತು. ಆಗ ಎರಡು ಲೆಕ್ಕ ಪಕ್ಕಪಕ್ಕ ಇಟ್ಟು ತೋರಿಸಿದೆ. ಚಲನಶಕ್ತಿ 33.6 ಇದ್ದದ್ದು 34.1 ಆಗಿತ್ತು, ಹೆಚ್ಚುಕಡಿಮೆ ಅಷ್ಟೇ. ಆವೇಗ, ಅಂದರೆ ತೂಕವನ್ನು ವೇಗದಿಂದ ಗುಣಿಸಿದ್ದು, ಮಾತ್ರ ಸುಮಾರು ಶೇಕಡಾ 11 ಏರಿತ್ತು. ಬಿಲ್ಲು ಅದೇ, ಭುಜಕ್ಕೆ ಬೀಳುವ ಭಾರ ಅದೇ. ಬಿಲ್ಲಿನ ಸದ್ದೂ ಸ್ವಲ್ಪ ತಗ್ಗಿತ್ತು, ಭಾರದ ಬಾಣ ಬಿಲ್ಲಿನ ಶಕ್ತಿಯನ್ನು ಇನ್ನಷ್ಟು ಚೆನ್ನಾಗಿ ತೆಗೆದುಕೊಂಡು ಹೋಗುತ್ತದಲ್ವಾ.

ಬದಲಿಗೆ ತೆತ್ತದ್ದು ಇಳಿತ. 20 ಗಜದಲ್ಲಿ ಮೊದಲಿಗಿಂತ ಮೂರು ಇಂಚು ಜಾಸ್ತಿ ಇಳಿಯುತ್ತಿತ್ತು. ಗುರಿಪಿನ್ ಸರಿಸಿಕೊಂಡರೆ ಅದಕ್ಕೆ ಪರಿಹಾರ ಇದೆ. ಆದರೆ ದೂರ ಹೆಚ್ಚಿದಂತೆ ಅಂದಾಜಿನ ತಪ್ಪು ದೊಡ್ಡದಾಗುತ್ತದೆ. ಅಲ್ಲಿಗೆ 20 ಗಜವೇ ಕೊನೆ ಅಂತ ಗೆಳತಿ ತೀರ್ಮಾನ ಮಾಡಿದರು. ನಾನು 18 ಅನ್ನುತ್ತಿದ್ದೆ.

ಮೊನೆಯ ಆಯ್ಕೆ

ಮೂರು ಬಗೆಯ ಮೊನೆ ಮೇಜಿನ ಮೇಲಿದ್ದವು. ಮೂರೂ ಬಿಚ್ಚಿಕೊಳ್ಳದ, ಗಟ್ಟಿಯಾದವು. ತುದಿಯಿಂದಲೇ ಕತ್ತರಿಸಲು ಶುರುಮಾಡುವಂಥವು. ಉಳಿ ಆಕಾರದ ಅಥವಾ ಮೂರು ಮುಖದ ಚೂಪು ತುದಿ ಇರುವ ಮೊನೆಗಳನ್ನು ನಾವು ಮೊದಲೇ ಬದಿಗಿಟ್ಟಿದ್ದೆವು. ಅವು ಮೂಳೆ ಬಡಿದರೂ ಬಾಗುವುದಿಲ್ಲ, ನಿಜ. ಆದರೆ ಅವು ಚರ್ಮವನ್ನು ಮೊದಲು ಗುದ್ದಿ ತೂತು ಮಾಡಿ, ಆಮೇಲೆ ಅಲಗಿಗೆ ಕೆಲಸ ಕೊಡುತ್ತವೆ. ಹಣ್ಣಾದ ಟೊಮೆಟೊ ಮೇಲೆ ಮೊಂಡ ಚಾಕು ಒತ್ತಿದರೆ ಸಿಪ್ಪೆ ತಗ್ಗಿ ಆಮೇಲೆ ಒಡೆಯುವ ಹಾಗೆ. ಆ ತಗ್ಗುವ ಹೊತ್ತಿಗೆ ಹೋಗುವ ಶಕ್ತಿ ಹಗುರ ಬಿಲ್ಲಿಗೆ ದುಬಾರಿ.

ಮೊದಲನೆಯದು ಒಂದೇ ಉಕ್ಕಿನ ತುಂಡಿನಲ್ಲಿ ಮಾಡಿದ ಮೂರು ಅಲಗಿನದು, ಅಗಲ 1 1/8 ಇಂಚು. ಎರಡನೆಯದು 1 1/16 ಇಂಚಿನ ಎರಡು ಅಲಗಿನದು, ಎರಡೂ ಬದಿ ಮಸೆದದ್ದು, ಬೇಕಿದ್ದರೆ ನಡುವೆ ಚಿಕ್ಕ ಅಡ್ಡ ಅಲಗು ಸಿಕ್ಕಿಸಬಹುದಾದದ್ದು. ಮೂರನೆಯದು ಉದ್ದನೆಯ ಎರಡು ಅಲಗಿನ ಸಿಂಗಲ್ ಬೆವೆಲ್, ಅಂದರೆ ಒಂದೇ ಬದಿ ಮಸೆದದ್ದು. ಇದು ಒಳಗೆ ಹೋಗುವಾಗ ತಿರುಗುತ್ತದೆ, ಮೂಳೆ ಸಿಕ್ಕರೆ ಸೀಳಿ ಬಿಡಿಸುತ್ತದೆ. ಆದರೆ ಮಸೆದ ದಿಕ್ಕು ಗರಿಗಳ ತಿರುವಿನ ದಿಕ್ಕಿಗೆ ಹೊಂದಬೇಕು. ಹೊಂದದಿದ್ದರೆ ಎರಡೂ ಎದುರುಬದುರಾಗಿ ಜಗ್ಗುತ್ತವೆ.

ಕತ್ತರಿಸುವ ಒಟ್ಟು ಉದ್ದ ಲೆಕ್ಕ ಹಾಕಿದರೆ ವಿಷಯ ಬೇಗ ತಿಳಿಯುತ್ತದೆ. ಹಳೆಯ ಮೆಕಾನಿಕಲ್ 2 ಇಂಚು ಸೀಳಬೇಕಿತ್ತು. ಮೂರು ಅಲಗಿನದಕ್ಕೆ ಅಗಲದ ಅರ್ಧವನ್ನು ಮೂರರಿಂದ ಗುಣಿಸಿ, 1.7 ಇಂಚು ಬರುತ್ತದೆ. ಎರಡು ಅಲಗಿನದು ಬರೀ 1.06. ಸೀಳು ಚಿಕ್ಕದಾದಷ್ಟೂ ತಡೆ ಕಡಿಮೆ, ಆಳ ಜಾಸ್ತಿ. ಆಕಾರವೂ ಲೆಕ್ಕಕ್ಕೆ ಬರುತ್ತದೆ. ಅಗಲಕ್ಕಿಂತ ಮೂರು ಪಟ್ಟು ಉದ್ದ ಇರುವ ಮೊನೆ ಒಳ್ಳೆಯದು ಅಂತ ಆಶ್ಬಿ ಹೇಳುತ್ತಾರೆ. ಏರು ಸೌಮ್ಯವಾದಷ್ಟೂ ಅದೇ ಬಲದಲ್ಲಿ ಜಾಸ್ತಿ ದೂರ ಹೋಗಬಹುದು.

ಫೋಮ್ ಟಾರ್ಗೆಟ್‌ಗೆ ಹೊಡೆದು ಆಳ ಅಳೆಯೋಣ ಅಂತ ಗೆಳತಿ ಅಂದರು. ನಾನು ಬೇಡ ಅಂದೆ. ಫೋಮ್ ಬಾಣದ ಕಡ್ಡಿಯನ್ನು ಬಿಗಿಯಾಗಿ ಹಿಡಿದು ಉಜ್ಜಿ ನಿಲ್ಲಿಸುತ್ತದೆ, ಪ್ರಾಣಿಯ ಮೈ ಹಾಗೆ ಹಿಡಿಯುವುದಿಲ್ಲ, ಅಲ್ಲಿ ರಕ್ತ ಮತ್ತು ಕೊಬ್ಬಿನ ಜಾರಿಕೆ ಇದೆ. ಫೋಮ್‌ನಲ್ಲಿ ಗೆದ್ದ ಮೊನೆ ಕಾಡಿನಲ್ಲಿ ಗೆಲ್ಲಬೇಕಿಲ್ಲ. ಬದಲಿಗೆ ಜಿಂಕೆ ಮಾಂಸ ಕತ್ತರಿಸಿಕೊಡುವ ಪರಿಚಯದವರಿಂದ ಚರ್ಮ ಇನ್ನೂ ಅಂಟಿದ್ದ ಎದೆಗೂಡಿನ ತುಂಡುಗಳನ್ನು ತಂದು, ಹಿಂದೆ ಫೋಮ್ ಇಟ್ಟು 15 ಗಜದಿಂದ ಹೊಡೆದೆವು. ಸತ್ತು ತಣ್ಣಗಾದ ಮಾಂಸ ಬದುಕಿರುವ ಮೈಗೆ ಸಮ ಅಲ್ಲ, ಆದರೂ ಫೋಮ್‌ಗಿಂತ ಹತ್ತಿರ.

ಪಕ್ಕೆಲುಬುಗಳ ನಡುವೆ ತಗುಲಿದಾಗ ಮೂರೂ ಸಲೀಸಾಗಿ ಹೋದವು. ವ್ಯತ್ಯಾಸ ಕಂಡದ್ದು ಎಲುಬಿನ ಮೇಲೆ ನೇರ ಬಿದ್ದಾಗ. ಮೂರು ಅಲಗಿನದು ಎಲುಬನ್ನು ಒಡೆಯುತ್ತಿತ್ತು, ಆದರೆ ಒಡೆದ ಸಂದಿಯಲ್ಲಿ ಸಿಕ್ಕಿಕೊಂಡು ವೇಗ ಕಳೆದುಕೊಳ್ಳುತ್ತಿತ್ತು. ಎರಡು ಅಲಗಿನವು ಎರಡೂ ದಾಟುತ್ತಿದ್ದವು. ಸಿಂಗಲ್ ಬೆವೆಲ್ ಇನ್ನೂ ಸ್ವಲ್ಪ ಆಳ. ಹಾಗಿದ್ದರೆ ಅದನ್ನೇ ಯಾಕೆ ಆರಿಸಲಿಲ್ಲ? ಗೆಳತಿಯ ಗರಿಗಳು ಎಡತಿರುವಿನವು, ಕೈಗೆ ಸಿಕ್ಕಿದ್ದ ಮೊನೆ ಬಲಕ್ಕೆ ಮಸೆದದ್ದು. ಎಲ್ಲ ಬಾಣಗಳ ಗರಿ ಕಿತ್ತು ಹೊಸದು ಅಂಟಿಸಿ ಮೊದಲಿನಿಂದ ಟ್ಯೂನ್ ಮಾಡುವುದಕ್ಕಿಂತ, ಈಗಾಗಲೇ ನೆಟ್ಟಗೆ ಹಾರುತ್ತಿದ್ದ ಬಾಣವನ್ನು ಉಳಿಸಿಕೊಳ್ಳುವುದು ಮೇಲು ಅನ್ನಿಸಿತು. ಎರಡು ಅಲಗಿನ ಡಬಲ್ ಬೆವೆಲ್ ಉಳಿಯಿತು.

ಅಡ್ಡ ಅಲಗು ಹಾಕಬೇಕಾ ಬೇಡವಾ ಅನ್ನುವುದರ ಮೇಲೆ ಜೋರು ಚರ್ಚೆಯೇ ಆಯಿತು. ಅದು ಗಾಯವನ್ನು ಒಂದು ಗೀರಿನ ಬದಲು ಕೂಡಿಸುವ ಚಿಹ್ನೆಯ ಆಕಾರ ಮಾಡುತ್ತದೆ, ಗಾಯ ಬೇಗ ಮುಚ್ಚಿಕೊಳ್ಳುವುದಿಲ್ಲ, ರಕ್ತದ ಜಾಡು ಚೆನ್ನಾಗಿರುತ್ತದೆ. ಗೆಳತಿಗೆ ಅದು ಬೇಕಿತ್ತು. ಹೋದ ಸಲ ಜಾಡು ನಿಂತುಹೋದ ನೆನಪು ಅವರನ್ನು ಬಿಟ್ಟಿರಲಿಲ್ಲ. ನಾನು ಮೊದಲ ಸಲ ಬೇಡ ಅಂತ ಪಟ್ಟು ಹಿಡಿದೆ. ಒಳಹೋದ ತೂತಿನ ಜೊತೆಗೆ ಆಚೆ ಬದಿಯ ತೂತೂ ಆದರೆ ರಕ್ತ ಎರಡು ಕಡೆಯಿಂದ ಬರುತ್ತದೆ, ಎರಡೂ ಶ್ವಾಸಕೋಶ ಕುಸಿಯುತ್ತವೆ. ಆಚೆ ಬದಿ ತಲುಪುವುದನ್ನು ಮೊದಲು ಖಾತ್ರಿ ಮಾಡಿಕೊಳ್ಳೋಣ, ಅಗಲ ಆಮೇಲೆ. ಗೆಳತಿ ಒಪ್ಪಿದರು, ಪೂರ್ತಿ ಮನಸ್ಸಿನಿಂದ ಅಲ್ಲ.

ನೆಟ್ಟಗೆ ಹಾರಿಸುವ ಕೆಲಸ

ಬೇಸಿಗೆಯ ಬಹುಪಾಲು ಹೊತ್ತು ಇದಕ್ಕೇ ಹೋಯಿತು, ಹೋಗಬೇಕಾದ್ದೂ ಇದಕ್ಕೇ. ಹಗುರ ಬಿಲ್ಲಿನ ಬಾಣ ಓರೆಯಾಗಿ ತಗುಲಿದರೆ ಅದರ ಶಕ್ತಿ ಮುಂದಕ್ಕೆ ಹೋಗದೆ ಕಡ್ಡಿಯನ್ನು ಅಲುಗಾಡಿಸುವುದರಲ್ಲಿ ಮುಗಿಯುತ್ತದೆ. ಅದರ ಜೊತೆಗೆ ಬಿಚ್ಚಿಕೊಳ್ಳದ ಅಲಗು ಗಾಳಿಯಲ್ಲಿ ರೆಕ್ಕೆಯಂತೆ ವರ್ತಿಸುತ್ತದೆ, ಬಿಲ್ಲಿನ ಸಣ್ಣ ಕೊರತೆಯನ್ನೂ ಎತ್ತಿ ತೋರಿಸುತ್ತದೆ. ಮೆಕಾನಿಕಲ್ ಮೊನೆ ಆ ಕೊರತೆಯನ್ನು ಮುಚ್ಚಿಡುತ್ತದೆ, ಅಷ್ಟೇ. ಕೊರತೆ ಅಲ್ಲೇ ಇರುತ್ತದೆ.

ಮೊದಲು ಕಾಗದದ ಮೂಲಕ ಹೊಡೆದು ಹರಿದ ಗುರುತು ನೋಡಿದೆವು. ಆಮೇಲೆ ಗರಿ ಇಲ್ಲದ ಬಾಣ. ಕೊನೆಗೆ ಅಭ್ಯಾಸದ ಮೊನೆ ಮತ್ತು ಬ್ರಾಡ್‌ಹೆಡ್ ಎರಡನ್ನೂ ಒಂದೇ ಚುಕ್ಕಿಗೆ, 20 ಗಜದಿಂದ. ಬ್ರಾಡ್‌ಹೆಡ್ ಎಡಕ್ಕೆ ಬೀಳುತ್ತಿತ್ತು. ಬಾಣ ಕೂರುವ ರೆಸ್ಟನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸುವುದು, ಮತ್ತೆ ಹೊಡೆಯುವುದು, ಮತ್ತೆ ಸರಿಸುವುದು. ಎರಡೂ ಒಂದೇ ಕಡೆ ಬೀಳುವ ತನಕ ಬಿಡಲಿಲ್ಲ. ಒಂದೆರಡು ಬಾಣ ಏನೇ ಮಾಡಿದರೂ ದಾರಿಗೆ ಬರಲಿಲ್ಲ. ತುದಿಯ ಮೇಲೆ ನಿಲ್ಲಿಸಿ ಬುಗುರಿಯಂತೆ ತಿರುಗಿಸಿದಾಗ ನಡುಗುವುದು ಕಂಡಿತು, ಇನ್‌ಸರ್ಟ್ ಓರೆಯಾಗಿ ಅಂಟಿತ್ತು. ಅವು ಅಭ್ಯಾಸದ ಡಬ್ಬಕ್ಕೆ ಹೋದವು.

ಹರಿತದ ವಿಷಯದಲ್ಲಿ ಗೆಳತಿ ನನಗಿಂತ ಕಟ್ಟುನಿಟ್ಟು. ಅಭ್ಯಾಸಕ್ಕೆ ಬಳಸಿದ ಮೊನೆ ಬೇಟೆಗೆ ಇಲ್ಲ. ಬೇಟೆಯದನ್ನು ಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿಯ ಮೇಲೆ ಉಜ್ಜಿ, ಎಳೆದು ಹಿಡಿದ ರಬ್ಬರ್ ಬ್ಯಾಂಡ್ ಮೇಲೆ ಹಗುರಾಗಿ ಮುಟ್ಟಿಸಿ ನೋಡುತ್ತಿದ್ದರು. ಮುಟ್ಟಿದೊಡನೆ ತುಂಡಾಗದಿದ್ದರೆ ಮತ್ತೆ ಕಲ್ಲಿಗೆ. ಪ್ಯಾಕೆಟ್ಟಿನಿಂದ ತೆಗೆದ ಹೊಸ ಮೊನೆಯೂ ಈ ಪರೀಕ್ಷೆ ಪಾಸಾಗಲಿಲ್ಲ, ಇದನ್ನು ಎಲ್ಲರೂ ಗಮನಿಸಬೇಕು.

ಮುಂದಿನ ಸೀಸನ್

ಮರದ ಅಟ್ಟಣೆ ಬಿಟ್ಟು ನೆಲದ ಮೇಲಿನ ಮರೆಗೂಡಿಗೆ ಬಂದರು. ಮೇಲಿನಿಂದ ಕಡಿದಾಗಿ ಹೊಡೆದರೆ ಒಂದೇ ಶ್ವಾಸಕೋಶ ಸಿಗುವ ಅಪಾಯ ಇದೆ, ನೆಲದಿಂದ ಬಾಣ ಎದೆಯನ್ನು ಅಡ್ಡಲಾಗಿ ದಾಟುತ್ತದೆ. ಮರೆಗೂಡಿನ ಸುತ್ತ 20 ಗಜಕ್ಕೆ ಗುರುತು ಇಟ್ಟರು. ಅದರಾಚೆ ನಿಂತ ಜಿಂಕೆ ಎಷ್ಟೇ ದೊಡ್ಡದಾಗಿರಲಿ, ನೋಡುವುದಕ್ಕೆ ಮಾತ್ರ.

ಹತ್ತಿರದ ದೂರ ಇಟ್ಟುಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಬಿಲ್ಲಿನ ಸದ್ದು ಬಾಣಕ್ಕಿಂತ ಮೊದಲು ಜಿಂಕೆಯನ್ನು ತಲುಪುತ್ತದೆ. 190 ಅಡಿ ವೇಗದ ಬಾಣ 20 ಗಜ ಹೋಗಲು 0.32 ಸೆಕೆಂಡ್ ಬೇಕು, ಸದ್ದಿಗೆ 0.05 ಸಾಕು. ಉಳಿದ ಕಾಲು ಸೆಕೆಂಡಿನಲ್ಲಿ ಬೆಚ್ಚಿದ ಜಿಂಕೆ ನೆಗೆಯಲು ಮೈ ತಗ್ಗಿಸುತ್ತದೆ, ಬಾಣ ಮೇಲೆ ಹೋಗುತ್ತದೆ. 15 ಗಜದಲ್ಲಿ ಆ ಸಮಯ 0.2 ಸೆಕೆಂಡಿಗೆ ಇಳಿಯುತ್ತದೆ.

ನವೆಂಬರ್ ಮೊದಲ ವಾರದ ಒಂದು ಸಂಜೆ ಎರಡು ಹೆಣ್ಣು ಜಿಂಕೆ ಬಂದವು. ದೊಡ್ಡದು 14 ಗಜದಲ್ಲಿ ನಿಂತಿತು, ಎದೆ ಗೆಳತಿಯ ಕಡೆ ತಿರುಗಿಸಿ. ಹೋದ ವರ್ಷದ್ದೇ ಕೋನ. ಬಿಲ್ಲು ಎಳೆದಾಗಿತ್ತು. ಶೇಕಡಾ 80 ಲೆಟ್-ಆಫ್ ಇರುವ ಕಾಂಪೌಂಡ್‌ನಲ್ಲಿ ಪೂರ್ತಿ ಎಳೆದ ಮೇಲೆ ಕೈಗೆ ಬೀಳುವುದು 8 ಪೌಂಡ್ ಅಷ್ಟೇ, ಹಾಗಾಗಿ ಕಾಯಲು ಆಯಿತು. ಅವರು ಹೊಡೆಯಲಿಲ್ಲ. ದೊಡ್ಡದು ಅದೇ ಭಂಗಿಯಲ್ಲಿ ಮೇಯುತ್ತಾ ಪೊದೆಯ ಹಿಂದೆ ಹೋಯಿತು. ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಈ ಬಿಡದ ಬಾಣ. ಸ್ವಲ್ಪ ಹೊತ್ತಿಗೆ ಎರಡನೆಯದು 16 ಗಜದಲ್ಲಿ ಪೂರ್ತಿ ಅಡ್ಡ ನಿಂತು, ಈ ಕಡೆಯ ಮುಂಗಾಲು ಮುಂದಕ್ಕೆ ಇಟ್ಟಿತು. ಭುಜದ ಹಿಂದೆ ಪಕ್ಕೆಲುಬು ತೆರೆದುಕೊಂಡಿತು.

ಬಾಣ ಆಚೆ ಬದಿಯಿಂದ ಹೊರಬಂದು ಎಲೆಗಳಲ್ಲಿ ಬಿದ್ದಿತ್ತು. ಕಡ್ಡಿಯ ಮೇಲೆ ನಸುಗೆಂಪು ರಕ್ತ, ಸಣ್ಣ ಗುಳ್ಳೆಗಳು. ಶ್ವಾಸಕೋಶದ ರಕ್ತ. ಆದರೂ ಗೆಳತಿ ಮುಕ್ಕಾಲು ಗಂಟೆ ಕಾದರು.

ಜಾಡು ಸುಲಭವಾಗಿರಲಿಲ್ಲ. ಮೊದಲ ಮೂವತ್ತು ಗಜಕ್ಕೆ ಒಂದೊಂದು ಹನಿ ಹುಡುಕಬೇಕಾಯಿತು. ನೆಲಮಟ್ಟದಿಂದ ಹೊಡೆದಾಗ ಎರಡೂ ತೂತು ಎದೆಯ ನಡು ಎತ್ತರದಲ್ಲಿರುತ್ತವೆ, ಎದೆಗೂಡು ತುಂಬುವ ತನಕ ರಕ್ತ ಹೊರಗೆ ಬರುವುದಿಲ್ಲ. ಕಿರಿದಾದ ಸೀಳು ಬೇರೆ. ಆಮೇಲೆ ರಕ್ತ ಜಾಸ್ತಿಯಾಯಿತು, 90 ಗಜದಲ್ಲಿ ಜಿಂಕೆ ಸಿಕ್ಕಿತು. ಗೆಳತಿ ಬಾಣ ಬಿಟ್ಟ ಮೇಲೆ ಜಿಂಕೆ ಓಡಿದ ದಾರಿಯಲ್ಲಿ ಕೊನೆಗೆ ಕಂಡ ಮರವನ್ನು ಗುರುತಿಟ್ಟುಕೊಂಡಿದ್ದರು, ಆ ಮೊದಲ ಮೂವತ್ತು ಗಜವನ್ನು ದಾಟಿಸಿದ್ದು ಅದೇ. ಬಾಣ ಒಂದು ಪಕ್ಕೆಲುಬನ್ನು ಒಳಹೋಗುವಾಗ ಕತ್ತರಿಸಿತ್ತು, ಆಚೆ ಎರಡು ಎಲುಬಿನ ನಡುವೆ ಹೊರಬಿದ್ದಿತ್ತು. ಮೊನೆ ಬಾಗಿರಲಿಲ್ಲ. ಜಿಂಕೆಯನ್ನು ನೋಂದಣಿ ಮಾಡಿಸಿ, ಜಿಂಕೆಗಳ ಮೆದುಳಿಗೆ ತಗುಲುವ ಸಿಡಬ್ಲ್ಯುಡಿ ರೋಗದ ಪರೀಕ್ಷೆಗೆ ಮಾದರಿ ಕೊಟ್ಟು, ಫಲಿತಾಂಶ ಬಂದ ಮೇಲೆಯೇ ಅಡುಗೆ ಮಾಡಿದರು. 2002ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಆ ರೋಗ ಮೊದಲು ಕಂಡದ್ದು ಈ ದಕ್ಷಿಣ ಭಾಗದಲ್ಲೇ.

ಇದರಿಂದ ತೆಗೆದುಕೊಂಡದ್ದು

ಒಂದು ಜಿಂಕೆಯಿಂದ ಯಾವುದೂ ಸಾಬೀತಾಗುವುದಿಲ್ಲ. ಅಡ್ಡ ನಿಂತ ಜಿಂಕೆಗೆ 16 ಗಜದಿಂದ ಹಳೆಯ ಮೆಕಾನಿಕಲ್ ಮೊನೆಯೂ ಕೆಲಸ ಮಾಡುತ್ತಿತ್ತೋ ಏನೋ, ಪಕ್ಕೆಲುಬುಗಳ ನಡುವೆ ಬಿದ್ದಿದ್ದರೆ. ಆದರೆ ಎಲುಬಿನ ಮೇಲೆ ಬಿದ್ದರೂ ದಾಟಿದ್ದು ಈ ಮೊನೆ, ಮತ್ತು ಎಲುಬು ತಪ್ಪಿಸಿ ಹೊಡೆಯುವುದು ಯಾರ ಕೈಯಲ್ಲೂ ಇಲ್ಲ. 35 ಅಡಿ-ಪೌಂಡಿನ ಆಸುಪಾಸು ಇರುವವರಿಗೆ ನಾನು ಇವತ್ತು ಹೇಳುವುದು ಇಷ್ಟು: ತುದಿಯಿಂದ ಕತ್ತರಿಸುವ, ಬಿಚ್ಚಿಕೊಳ್ಳದ, ಎರಡು ಅಲಗಿನ ಗಟ್ಟಿ ಮೊನೆ. ಅಗಲ ನಿಮ್ಮ ರಾಜ್ಯದ ಕನಿಷ್ಠಕ್ಕಿಂತ ಸ್ವಲ್ಪ ಮೇಲೆ ಇರಲಿ, ಸಾಕು.

ಅಡ್ಡ ಅಲಗಿನ ವಾದ ಮಾತ್ರ ಮುಗಿದಿಲ್ಲ. ಅದರ ಮರುವರ್ಷ ಗೆಳತಿ ಅಡ್ಡ ಅಲಗು ಸಿಕ್ಕಿಸಿಕೊಂಡೇ ಹೋದರು. ಬಾಣ ಆಚೆ ಬದಿಯ ಚರ್ಮ ಸೀಳಿ ಅರ್ಧ ಹೊರಬಂದು ನಿಂತಿತು, ಪೂರ್ತಿ ದಾಟಲಿಲ್ಲ. ಆದರೆ ಜಾಡು ಎಷ್ಟು ಚೆನ್ನಾಗಿತ್ತೆಂದರೆ ಕಣ್ಣಳತೆಯಲ್ಲೇ ಜಿಂಕೆ ಸಿಕ್ಕಿತು. ಎರಡೂ ತೂತು ಆದವು, ಹಾಗಾಗಿ ಅವರ ಮಾತೂ ಸರಿ. ನಾನು ಈಗಲೂ ಬರಿಯ ಎರಡು ಅಲಗಿನ ಕಡೆಯೇ ಇದ್ದೇನೆ, ಯಾಕೆಂದರೆ ಆ ಸಲ ಬಾಣ ಎಲುಬು ಮುಟ್ಟಿರಲಿಲ್ಲ. ಮುಟ್ಟಿದ್ದರೆ ಆಚೆ ಚರ್ಮ ತಲುಪುತ್ತಿತ್ತಾ ಅನ್ನುವುದೇ ನನ್ನ ಪ್ರಶ್ನೆ.

ಇದನ್ನು ಓದಿ ಯಾರಾದರೂ ನನ್ನದೂ 40 ಪೌಂಡ್ ಅಂತ ಹೊರಡುವ ಮುಂಚೆ ಬಾಣದ ವೇಗ ಅಳೆದುಕೊಳ್ಳಿ, ಬಿಲ್ಲಿನ ಮೇಲಿನ ಸಂಖ್ಯೆ ನಂಬಬೇಡಿ. ಚಕ್ರಗಳಿಲ್ಲದ 40 ಪೌಂಡಿನ ರಿಕರ್ವ್ ಬಿಲ್ಲು ಅದೇ ಚಿಕ್ಕ ಎಳೆತದಲ್ಲಿ 420 ಗ್ರೇನ್ ಬಾಣವನ್ನು ಸೆಕೆಂಡಿಗೆ 150 ಅಡಿಯಲ್ಲಿ ಬಿಟ್ಟರೆ 21 ಅಡಿ-ಪೌಂಡ್ ಮಾತ್ರ ಸಿಗುತ್ತದೆ. ಗೆಳತಿಯ ಬಾಣದ ಮೂರರಲ್ಲಿ ಎರಡು ಪಾಲೂ ಇಲ್ಲ. ಅಲ್ಲಿ ಅಡ್ಡ ಅಲಗಿನ ಮಾತೇ ಬೇಡ, ದೂರ 12 ಗಜ ದಾಟಬಾರದು, ಜಿಂಕೆ ಪೂರ್ತಿ ಅಡ್ಡ ಅಥವಾ ಸ್ವಲ್ಪ ಆಚೆ ತಿರುಗಿ ನಿಲ್ಲದಿದ್ದರೆ ಹೆದೆ ಎಳೆಯಲೂ ಬಾರದು.